ಕಥೆ ಇರುವ ಶೂಟರ್ ಗೇಮ್‌ಗಳು: ಏಳರಲ್ಲಿ ನಿಮಗೆ ಯಾವುದು?

"ಕಥೆ ಚೆನ್ನಾಗಿರೋ ಒಂದು ಫಸ್ಟ್ ಪರ್ಸನ್ ಶೂಟರ್ ಹೇಳಿ" ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. (ಪಾತ್ರದ ಕಣ್ಣಿನಿಂದಲೇ ಲೋಕ ನೋಡುತ್ತಾ ಗನ್ ಹಾರಿಸುವ ಗೇಮ್‌ಗೆ ಆ ಹೆಸರು.) ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಆಡಲು ಎಷ್ಟು ಹೊತ್ತು ಸಿಗುತ್ತದೆ? ಯಾವ ಮಷೀನ್ ಇದೆ? ಕಥೆ ನಡೆಯುವಾಗ ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂರುವ ತಾಳ್ಮೆ ಇದೆಯಾ? ಮೂರನೆಯ ಪ್ರಶ್ನೆಗೆ ಎಲ್ಲರೂ ಹುಬ್ಬೇರಿಸುತ್ತಾರೆ. ಆದರೆ ಅರ್ಧಕ್ಕೇ ಬಿಟ್ಟ ಗೇಮ್‌ಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬಹಳಷ್ಟು ಸಲ ಬೇಸರ ತಂದದ್ದು ಕಥೆಯಲ್ಲ, ಅದನ್ನು ಹೇಳಿದ ರೀತಿ.

ಇಲ್ಲಿ ಏಳು ಗೇಮ್ ತೂಗಿ ನೋಡಿದ್ದೇನೆ: ಹಾಫ್-ಲೈಫ್ 2, ಬಯೋಶಾಕ್, ವುಲ್ಫೆನ್‌ಸ್ಟೈನ್: ದ ನ್ಯೂ ಆರ್ಡರ್, ಟೈಟನ್‌ಫಾಲ್ 2, ಮೆಟ್ರೋ ಎಕ್ಸೋಡಸ್, ಡೂಮ್ ಎಟರ್ನಲ್, ಸೈಬರ್‌ಪಂಕ್ 2077. ಒಬ್ಬರೇ ಕೂತು ಆಡುವ ಕ್ಯಾಂಪೇನ್ ಮಾತ್ರ ಲೆಕ್ಕ. ಮಲ್ಟಿಪ್ಲೇಯರ್ ಬೇರೆಯೇ ಲೋಕ, ಅದನ್ನು ಮುಟ್ಟಿಲ್ಲ. ಕಥೆಯ ದೊಡ್ಡ ತಿರುವು ಯಾವುದನ್ನೂ ಬಿಚ್ಚಿಡುವುದಿಲ್ಲ, ಹೆದರಬೇಡಿ.

ಯಾವುದರಿಂದ ಅಳೆಯುವುದು?

ಮೊದಲು ಕಥೆ. ನಾನು ನೋಡುವುದು ಒಂದೇ: ಕಥೆ ಮುಂದೆ ಹೋಗುವಾಗ ಆಟ ಯಾರ ಕೈಯಲ್ಲಿರುತ್ತದೆ? ಕೆಲವು ಗೇಮ್‌ಗಳಲ್ಲಿ ನೀವು ಓಡಾಡುತ್ತಲೇ ಇರುತ್ತೀರಿ, ಕಥೆ ಸುತ್ತ ನಡೆಯುತ್ತದೆ. ಕೆಲವು ನಿಮ್ಮನ್ನು ನಿಲ್ಲಿಸಿ ಸಿನಿಮಾ ತೋರಿಸುತ್ತವೆ. ಇನ್ನು ಕೆಲವು ಕಥೆಯನ್ನು ಮೂಲೆಮೂಲೆಯಲ್ಲಿ ಚೆಲ್ಲಿ, ಬೇಕಿದ್ದವರು ಆರಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತವೆ. ಯಾವುದೂ ತಪ್ಪಲ್ಲ. ನಿಮ್ಮ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಎಂಬುದು ಮುಖ್ಯ.

ಎರಡನೆಯದು ಆಟದ ಕೈರುಚಿ. ಗನ್ ಹಾರಿಸಿದರೆ ಹೊಡೆದ ಹಾಗೆ ಅನಿಸುತ್ತದಾ? ಹತ್ತನೇ ಗಂಟೆಯಲ್ಲೂ ಹೊಸದೇನಾದರೂ ಮಾಡುತ್ತಿರುತ್ತೀರಾ? ಮೊದಲ ಅರ್ಧ ಗಂಟೆ ಎಲ್ಲ ಗೇಮೂ ಚೆಂದ.

ಮೂರನೆಯದು ಪರ್ಫಾರ್ಮೆನ್ಸ್. ಇದನ್ನು ಕಥೆಯಿಂದ ಬೇರೆ ಇಟ್ಟು ನೋಡುವವರು ಜಾಸ್ತಿ. ಆದರೆ ಇಲ್ಲಿ ಕ್ಯಾಮೆರಾ ಅಂದರೆ ನಿಮ್ಮದೇ ಕಣ್ಣು. ಅದು ಜರ್ಕ್ ಹೊಡೆದರೆ ಕಥೆಯ ಗುಂಗೂ ಅಲ್ಲಿಗೇ ಇಳಿಯುತ್ತದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕೆಂದರೆ ಒಂದೊಂದು ಫ್ರೇಮ್ ತಯಾರಿಸಲು ಮಷೀನಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. 30ಕ್ಕೆ ಇಳಿದರೆ 33.3. ನೋಡಬೇಕಾದ್ದು ಸರಾಸರಿಯನ್ನಲ್ಲ, ಒಂದೇ ಸಮ ಇದೆಯಾ ಎಂಬುದನ್ನು. 90ಕ್ಕೂ 45ಕ್ಕೂ ಮಧ್ಯೆ ಜಿಗಿದಾಡುವ ಗೇಮಿಗಿಂತ 60ಕ್ಕೆ ಕಟ್ಟಿಹಾಕಿದ ಗೇಮ್ ಎಷ್ಟೋ ಮೇಲು.

ಅಂದ ಹಾಗೆ, 120 ಹರ್ಟ್ಸ್ ಪರದೆ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು) ಇದ್ದು ಮಷೀನ್ ಸೋಲುತ್ತಿದ್ದರೆ 40 ಫ್ರೇಮಿಗೆ ಲಾಕ್ ಮಾಡಿ ನೋಡಿ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್ ಆಯಿತು. ಸಮಯದ ಲೆಕ್ಕದಲ್ಲಿ 30 ಮತ್ತು 60ರ ನಟ್ಟ ನಡುವೆ ಬೀಳುವುದು ಇದೇ, 45 ಅಲ್ಲ.

ಹಾಫ್-ಲೈಫ್ 2: ಹಳೆಯ ಮಷೀನಿಗೂ ಕೈಗೆಟುಕುವ ಮೇಷ್ಟ್ರು

2004ರ ನವೆಂಬರಿನಲ್ಲಿ ವಾಲ್ವ್ ಕಂಪನಿ ಹೊರತಂದ ಗೇಮ್. ಶುರುವಿನಲ್ಲೇ ರೈಲು ನಿಲ್ದಾಣದಲ್ಲಿ ಒಬ್ಬ ಪೊಲೀಸು ನಿಮ್ಮ ಮುಂದೆ ಖಾಲಿ ಡಬ್ಬಿ ಬೀಳಿಸಿ, ಎತ್ತಿ ಕಸದ ಬುಟ್ಟಿಗೆ ಹಾಕು ಎನ್ನುತ್ತಾನೆ. ಹಾಕಬಹುದು. ಅವನ ಮುಖಕ್ಕೇ ಎಸೆದು ಲಾಠಿ ಏಟೂ ತಿನ್ನಬಹುದು. ಈ ಊರಲ್ಲಿ ಜನರ ಪಾಡೇನು ಎಂದು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಆ ಡಬ್ಬಿ ಹೇಳುತ್ತದೆ. ವಸ್ತುಗಳನ್ನು ಎತ್ತುವುದು, ಎಸೆಯುವುದು ಹೇಗೆ ಎಂಬ ಪಾಠವೂ ಅದರಲ್ಲೇ ಮುಗಿದಿರುತ್ತದೆ.

ಕೊನೆಯವರೆಗೂ ಇದೇ ಕ್ರಮ. ಕ್ಯಾಮೆರಾ ನಾಯಕ ಗೋರ್ಡನ್ ಫ್ರೀಮನ್‌ನ ಕಣ್ಣು ಬಿಟ್ಟು ಹೊರಗೆ ಹೋಗುವುದಿಲ್ಲ. ಅವನು ಒಂದು ಮಾತೂ ಆಡುವುದಿಲ್ಲ. ಅವನ ಜೊತೆಗಾತಿ ಆಲಿಕ್ಸ್ ಮಾತಾಡುತ್ತಿರುವಾಗ ನೀವು ಕುರ್ಚಿ ಮೇಲೆ ಹತ್ತಿ ಕುಣಿದರೂ ಅವಳು ತಲೆಕೆಡಿಸಿಕೊಳ್ಳುವುದಿಲ್ಲ. ವಸ್ತುಗಳನ್ನು ಸೆಳೆದು ಎಸೆಯುವ ಗ್ರಾವಿಟಿ ಗನ್ ಕೊಟ್ಟ ಮೇಲೆ ರೇವನ್‌ಹೋಮ್ ಎಂಬ ಊರಿಗೆ ಕಳಿಸುತ್ತಾರೆ. ಅಲ್ಲಿ ಗುಂಡು ಕಡಿಮೆ, ಗರಗಸದ ಬ್ಲೇಡು ಜಾಸ್ತಿ. ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಕೊರತೆಗಳೂ ಇವೆ. ಗನ್ನುಗಳು ಇಂದಿನ ಲೆಕ್ಕದಲ್ಲಿ ಹಗುರ ಅನಿಸುತ್ತವೆ. ಏರ್‌ಬೋಟ್‌ನ ಅಧ್ಯಾಯ ಎಳೆದಾಡುತ್ತದೆ. ಕಥೆಗೆ ಕೊನೆಯೂ ಸಿಗುವುದಿಲ್ಲ: ಮುಂದುವರಿಕೆಯಾಗಿ ಬಂದ ಎರಡು ಎಪಿಸೋಡುಗಳಲ್ಲಿ ಎರಡನೆಯದು, 2007ರದ್ದು, ಉಸಿರು ಬಿಗಿ ಹಿಡಿಸಿ ಅಲ್ಲೇ ನಿಂತಿತು. ಇದು ನಿಮಗೆ ನುಂಗಲಾಗದ ತುತ್ತಾದರೆ ಮೊದಲೇ ತಿಳಿದಿರಲಿ. ಪರ್ಫಾರ್ಮೆನ್ಸ್ ಬಗ್ಗೆ ಒಂದೇ ಮಾತು ಸಾಕು: ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2024ರ ನವೆಂಬರಿನಲ್ಲಿ, 20ನೇ ವರ್ಷದ ನೆಪದಲ್ಲಿ, ಎರಡೂ ಎಪಿಸೋಡುಗಳನ್ನು ಮೂಲ ಗೇಮಿನೊಳಗೇ ಸೇರಿಸಿದರು. ಗೇಮ್ ಮಾಡಿದವರ ಕಾಮೆಂಟರಿಯೂ ಬಂತು. ಎರಡನೇ ಸಲ ಆಡುವಾಗ ಅದನ್ನು ಹಾಕಿಕೊಳ್ಳಿ.

ಬಯೋಶಾಕ್: ಊರೇ ಕಥೆ

2007ರದ್ದು. 1960ರಲ್ಲಿ ನಡೆಯುವ ಕಥೆ, ಸಮುದ್ರದ ತಳದಲ್ಲಿ ಕಟ್ಟಿದ ರ‍್ಯಾಪ್ಚರ್ ಎಂಬ ನಗರ. ನೀವು ಕಾಲಿಡುವ ಹೊತ್ತಿಗೆ ಊರು ಹಾಳಾಗಿದೆ. ಏಕೆ ಹಾಳಾಯಿತು ಎಂಬುದನ್ನು ಅಲ್ಲಲ್ಲಿ ಬಿದ್ದಿರುವ ಧ್ವನಿ ಡೈರಿಗಳು ಹೇಳುತ್ತವೆ. ಅವನ್ನು ಹುಡುಕದೆ ಓಡಿದರೆ ಅರ್ಧ ಗೇಮ್ ಕಳೆದುಕೊಂಡಂತೆ. ಹಾಗಾಗಿ ಅವಸರದವರಿಗೆ ಇದು ಬೇಡ.

ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಮಿಂಚು, ಬೆಂಕಿ ಬಿಡುವ ಪ್ಲಾಸ್ಮಿಡ್. ನೀರಲ್ಲಿ ನಿಂತವರ ಮೇಲೆ ಮಿಂಚು ಬಿಡುವ ಉಪಾಯ ಎಷ್ಟು ಸಲ ಮಾಡಿದರೂ ಸಾಕಾಗುವುದಿಲ್ಲ. ಶೂಟಿಂಗ್ ಮಾತ್ರ ಸ್ವಲ್ಪ ಮೆತ್ತಗೆ. ಪೈಪು ಜೋಡಿಸುವ ಹ್ಯಾಕಿಂಗ್ ಆಟ ಐದು ಸಲಕ್ಕೆ ಮುದ್ದು, ಐವತ್ತು ಸಲಕ್ಕೆ ತಲೆನೋವು. ಕೊನೆಯ ಭಾಗ ಮಧ್ಯದ ಎತ್ತರಕ್ಕೆ ಏರುವುದಿಲ್ಲ ಎಂಬ ದೂರಿಗೆ ನನ್ನದೂ ಒಂದು ಸಹಿ.

ಆಟವನ್ನು ನಿಮ್ಮ ಕೈಯಿಂದ ಕಸಿದುಕೊಳ್ಳುವ ಒಂದು ಗಳಿಗೆ ಈ ಗೇಮಿನಲ್ಲಿದೆ. ಬೇರೆ ಗೇಮಿನಲ್ಲಿ ಅದು ಬರೀ ಕಟ್‌ಸೀನ್, ಅಂದರೆ ಸುಮ್ನೆ ಕೂತು ನೋಡುವ ದೃಶ್ಯ, ಆಗುತ್ತಿತ್ತು. ಇಲ್ಲಿ ಕಸಿದುಕೊಳ್ಳುವುದೇ ಕಥೆ. ಇದಕ್ಕಿಂತ ಜಾಸ್ತಿ ಹೇಳಿದರೆ ಪಾಪ ಅಂಟುತ್ತದೆ. 2016ರ ರಿಮಾಸ್ಟರ್ (ಚಿತ್ರ ಸುಧಾರಿಸಿದ ಮರು ಆವೃತ್ತಿ) ಸಾಧಾರಣ ಮಷೀನಿನಲ್ಲೂ ಸಲೀಸು. ಪಿಸಿಯಲ್ಲಿ ಕ್ರ್ಯಾಶ್ ಆಗುತ್ತದೆ ಎಂಬ ದೂರು ಹಳೆಯದು, ಆಗಾಗ ಸೇವ್ ಮಾಡುತ್ತಿರಿ.

ವುಲ್ಫೆನ್‌ಸ್ಟೈನ್: ದ ನ್ಯೂ ಆರ್ಡರ್

ನಾಜಿಗಳು ಯುದ್ಧ ಗೆದ್ದಿದ್ದರೆ? 1946ರಲ್ಲಿ ಗಾಯಗೊಂಡ ಬ್ಲಾಸ್ಕೋವಿಟ್ಸ್ ಎಂಬ ಸೈನಿಕ 14 ವರ್ಷ ಆಸ್ಪತ್ರೆಯಲ್ಲಿ ಜಡವಾಗಿ ಕುಳಿತಿದ್ದು 1960ಕ್ಕೆ ಎದ್ದು ನಿಲ್ಲುತ್ತಾನೆ. 2014ರಲ್ಲಿ ಬಂದಾಗ ಇದು ಬರೀ ಗುಂಡಿನ ಸುರಿಮಳೆ ಎಂದುಕೊಂಡಿದ್ದೆ. ಆ ದೈತ್ಯ ಸೈನಿಕ ತನ್ನಷ್ಟಕ್ಕೆ ಪಿಸುಗುಟ್ಟಿಕೊಳ್ಳುವ ಮಾತುಗಳು ಬೇರೆಯೇ ದಾರಿಗೆ ಕರೆದೊಯ್ದವು.

ಇದು ನಿಮ್ಮನ್ನು ಕೂರಿಸಿ ಸಿನಿಮಾ ತೋರಿಸುವ ಜಾತಿ. ಕಟ್‌ಸೀನ್‌ಗಳು ಉದ್ದ, ಆದರೆ ಬರಹವೂ ನಟನೆಯೂ ಗಟ್ಟಿ. ನಡುವೆ ಬೇಕಾದರೆ ಕದ್ದು ಹೋಗಿ ಕಮಾಂಡರ್‌ಗಳನ್ನು ಮುಗಿಸಬಹುದು, ಬೇಕಾದರೆ ಎರಡು ಕೈಯಲ್ಲೂ ಗನ್ ಹಿಡಿದು ನುಗ್ಗಬಹುದು. ಎರಡಕ್ಕೂ ಗೇಮ್ ಸಮನಾಗಿ ಬೆಂಬಲ ಕೊಡುತ್ತದೆ. ಐಡಿ ಟೆಕ್ 5 ಎಂಜಿನ್ (ಗೇಮ್ ಕಟ್ಟುವ ಮೂಲ ಸಾಫ್ಟ್‌ವೇರ್) ಬಳಸಿದ ಗೇಮ್ ಆದ್ದರಿಂದ ಪಿಸಿಯಲ್ಲಿ 60 ಫ್ರೇಮ್ ದಾಟುವುದಿಲ್ಲ. ಥಟ್ಟನೆ ತಿರುಗಿದರೆ ಗೋಡೆಯ ಟೆಕ್ಸ್ಚರ್, ಅಂದರೆ ಮೇಲ್ಮೈಯ ಚಿತ್ರ, ತಡವಾಗಿ ಮೂಡುವುದು ಕಾಣುತ್ತದೆ. 144 ಹರ್ಟ್ಸ್ ಮಾನಿಟರ್ ಕೊಂಡ ಖುಷಿಯಲ್ಲಿರುವವರಿಗೆ ಸ್ವಲ್ಪ ನಿರಾಸೆ.

ಟೈಟನ್‌ಫಾಲ್ 2: ಎರಡು ಸಂಜೆಗೆ ಒಂದು ಗೆಳೆತನ

ಸಮಯವಿಲ್ಲ ಎನ್ನುವವರಿಗೆ ನನ್ನ ಮೊದಲ ಉತ್ತರ ಇದು. ಕ್ಯಾಂಪೇನ್ ಆರು ಗಂಟೆಯ ಆಸುಪಾಸು. 2016ರ ಅಕ್ಟೋಬರಿನಲ್ಲಿ ಎರಡು ದೊಡ್ಡ ಶೂಟರ್‌ಗಳ ನಡುವೆ ಸಿಕ್ಕಿಕೊಂಡು ಬಿಡುಗಡೆಯಾಯಿತು. ಹಾಗಾಗಿ ಇದರ ಕ್ಯಾಂಪೇನನ್ನು ಬಹಳ ಜನ ತಡವಾಗಿ ಕಂಡುಕೊಂಡರು.

ಜ್ಯಾಕ್ ಕೂಪರ್ ಸಾಮಾನ್ಯ ಸಿಪಾಯಿ. ಬಿಟಿ-7274 ಒಂದು ದೈತ್ಯ ಯಂತ್ರ. ಕಥೆ ಇಷ್ಟೇ: ಇವರಿಬ್ಬರೂ ಒಬ್ಬರಿಗೊಬ್ಬರು ಒಗ್ಗಿಕೊಳ್ಳುವುದು. ಕಾಗದದ ಮೇಲೆ ನೋಡಿದರೆ ಸಾಧಾರಣ ಯುದ್ಧಕಥೆ, ಖಳರೂ ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಬಿಟಿ ಮಾತಾಡುವುದು ನೀವು ಆಡುತ್ತಿರುವಾಗಲೇ. ಅದಕ್ಕೆ ಉತ್ತರ ಕೊಡಲು ಆಗಾಗ ಎರಡು ಆಯ್ಕೆ ಸಿಗುತ್ತವೆ. ಯಾವುದನ್ನು ಆರಿಸಿದರೂ ಕಥೆ ಬದಲಾಗುವುದಿಲ್ಲ, ಗೊತ್ತು. ಆದರೂ ಯಂತ್ರ ಪ್ರತಿ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳುವುದನ್ನು ಕೇಳಲೆಂದೇ ನಾನು ತಮಾಷೆಯ ಉತ್ತರ ಒತ್ತುತ್ತಿದ್ದೆ.

ಆಟದ ವಿಷಯಕ್ಕೆ ಬಂದರೆ ಇಲ್ಲಿನ ಏಳರಲ್ಲಿ ಓಟದ ಸುಖ ಇದರದ್ದೇ. ಗೋಡೆ ಮೇಲೆ ಓಡುವುದು, ಗಾಳಿಯಲ್ಲಿ ಎರಡನೇ ಜಿಗಿತ, ಜಾರುವುದು, ಎಲ್ಲವೂ ಒಂದೇ ಉಸಿರಿನಲ್ಲಿ ಹರಿಯುತ್ತವೆ. ಒಂದೊಂದು ಲೆವೆಲ್ಲಿಗೂ ಒಂದು ಹೊಸ ಉಪಾಯ ಕೊಟ್ಟು, ಅದು ಹಳಸುವ ಮೊದಲೇ ವಾಪಸ್ ಕಿತ್ತುಕೊಳ್ಳುತ್ತಾರೆ. ಎಫೆಕ್ಟ್ ಅಂಡ್ ಕಾಸ್ ಎಂಬ ಲೆವೆಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಹಾಳುಬಿದ್ದ ಕಟ್ಟಡ ಹೋಗಿ, ಜನ ಓಡಾಡುತ್ತಿದ್ದ ಕಾಲದ ಅದೇ ಕಟ್ಟಡ ಎದುರು ನಿಲ್ಲುತ್ತದೆ. ಈ ಕಾಲದಲ್ಲಿ ಜಿಗಿದು ಆ ಕಾಲದ ಗೋಡೆ ಹಿಡಿಯಬೇಕು. ಬೇರೆ ಸಂಸ್ಥೆಯಾಗಿದ್ದರೆ ಇದೊಂದನ್ನೇ ಎಳೆದು ಇಡೀ ಗೇಮ್ ಮಾಡುತ್ತಿದ್ದರು, ಅಲ್ವಾ?

ಹಾಫ್-ಲೈಫ್ 2ರ ಸೋರ್ಸ್ ಎಂಜಿನ್ನನ್ನೇ ಬಹಳಷ್ಟು ಮಾರ್ಪಡಿಸಿ ಇದನ್ನು ಕಟ್ಟಿದ್ದಾರೆ. ಹತ್ತು ವರ್ಷ ಹಳೆಯ ಮಧ್ಯಮ ಕಾರ್ಡಿನಲ್ಲೂ 60 ಫ್ರೇಮ್ ಸುಲಭ. ಡಿಸ್ಕಿನಲ್ಲಿ 45 ಜಿಬಿ ಜಾಗ ಕೇಳುತ್ತದೆ.

ಮೆಟ್ರೋ ಎಕ್ಸೋಡಸ್: ನಿಧಾನವೇ ಸೊಗಸು

ಇದು ನನ್ನ ಮೆಚ್ಚಿನದು, ಹಾಗಾಗಿ ಪಕ್ಷಪಾತ ಇರಬಹುದು. 2019ರ ಫೆಬ್ರವರಿಯಲ್ಲಿ ಬಂತು. ಅಣುಯುದ್ಧದ ನಂತರ ಮಾಸ್ಕೋದ ಮೆಟ್ರೋ ಸುರಂಗಗಳಲ್ಲಿ ಬದುಕುತ್ತಿದ್ದ ಆರ್ಟ್ಯೋಮ್, ಹೆಂಡತಿ ಅನ್ನಾ ಮತ್ತು ಒಂದು ಪುಟ್ಟ ತಂಡದ ಜೊತೆ ಅರೋರಾ ಎಂಬ ಉಗಿಬಂಡಿ ಹತ್ತಿ ಹೊರಡುತ್ತಾನೆ. ವೋಲ್ಗಾ ತೀರ, ಕ್ಯಾಸ್ಪಿಯನ್ ಮರುಭೂಮಿ, ಟೈಗಾ ಕಾಡು, ಹೀಗೆ ವರ್ಷವಿಡೀ ಪಯಣ.

ರೈಲು ಚಲಿಸುವಾಗ ಯುದ್ಧವಿಲ್ಲ. ಬೋಗಿಯಿಂದ ಬೋಗಿಗೆ ನಡೆದು ಜನರ ಮಾತು ಕೇಳಬಹುದು. ಯಾರೋ ಗಿಟಾರ್ ಬಾರಿಸುತ್ತಿರುತ್ತಾರೆ, ಪಕ್ಕದಲ್ಲಿ ಕೂರಬಹುದು. ಎದ್ದು ಹೋದರೆ ಯಾರೂ ತಡೆಯುವುದಿಲ್ಲ. ಕೂತರೆ ಅವರು ಮಾತು ಮುಂದುವರಿಸುತ್ತಾರೆ. ಮುಂದೊಮ್ಮೆ ಅವರಲ್ಲೊಬ್ಬರಿಗೆ ಅಪಾಯ ಎದುರಾದಾಗ ಹೊಟ್ಟೆಯಲ್ಲಿ ಸಂಕಟವಾಗುವುದು ಆ ಹರಟೆಯಿಂದಲೇ. ಶರಣಾದ ಶತ್ರುವನ್ನು ಕೊಂದಿರಾ ಬಿಟ್ಟಿರಾ ಎಂಬುದನ್ನೂ ಗೇಮ್ ಲೆಕ್ಕ ಇಟ್ಟುಕೊಳ್ಳುತ್ತದೆ. ಯಾರು ಉಳಿಯುತ್ತಾರೆ, ಕೊನೆ ಹೇಗಿರುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ಗುಂಡು ಎಣಿಸಿ ಬಳಸಬೇಕು. ಗನ್ ಕೊಳೆಯಾದರೆ ಕೈಕೊಡುತ್ತದೆ. ಗ್ಯಾಸ್ ಮಾಸ್ಕಿನ ಫಿಲ್ಟರ್ ಮುಗಿಯುತ್ತಾ ಬರುತ್ತದೆ, ಗಾಜಿನ ಮೇಲೆ ಬಿದ್ದ ಕೆಸರನ್ನು ನೀವೇ ಒರೆಸಬೇಕು. ಕೆಲವರಿಗೆ ಇದು ಕಿರಿಕಿರಿ. ಒಂದು ದೊಡ್ಡ ವಿಚಿತ್ರವೂ ಇದೆ: ಲೋಡಿಂಗ್ ಪರದೆಯಲ್ಲಿ ಧಾರಾಳವಾಗಿ ಮಾತಾಡುವ ಆರ್ಟ್ಯೋಮ್, ಆಟದೊಳಗೆ ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ಗೋರ್ಡನ್‌ಗೆ ಒಪ್ಪಿದ ಮೌನ ಇಲ್ಲಿ ಒಪ್ಪುವುದಿಲ್ಲ. ರಷ್ಯನ್ ಧ್ವನಿ ಹಾಕಿ ಸಬ್‌ಟೈಟಲ್ ಓದಿಕೊಂಡು ಆಡಿದರೆ ವಾತಾವರಣ ಇನ್ನಷ್ಟು ಗಾಢ. ಆದರೆ ಹಿಂದೆ ಇಬ್ಬರು ಮೂವರು ಒಟ್ಟಿಗೆ ಮಾತಾಡಿದಾಗ ಓದುವುದು ಕಷ್ಟ.

ಕೊಳ್ಳುವ ಮೊದಲು ಎರಡು ಆವೃತ್ತಿಗಳ ವ್ಯತ್ಯಾಸ ತಿಳಿದಿರಲಿ. ಮೂಲ ಗೇಮ್ ಸಾಧಾರಣ ಕಾರ್ಡಿನಲ್ಲಿ ನಡೆಯುತ್ತದೆ. 2021ರ ಎನ್ಹಾನ್ಸ್ಡ್ ಎಡಿಷನ್‌ನಲ್ಲಿ ಬೆಳಕಿನ ಲೆಕ್ಕವೆಲ್ಲ ರೇ ಟ್ರೇಸಿಂಗಿನಲ್ಲೇ, ಅಂದರೆ ಕಿರಣಗಳ ದಾರಿ ಹಿಡಿದು ಬೆಳಕು ಮೂಡಿಸುವ ವಿಧಾನದಲ್ಲೇ. ಆ ಸೌಲಭ್ಯವಿಲ್ಲದ ಕಾರ್ಡಿನಲ್ಲಿ ಅದು ಓಡುವುದೇ ಇಲ್ಲ. ಇದ್ದರೆ ಮಾತ್ರ ಕತ್ತಲ ಕೋಣೆಗೆ ಕಿಟಕಿಯಿಂದ ಬೀಳುವ ಬೆಳಕನ್ನು ನೋಡಲೆಂದೇ ನಿಲ್ಲುತ್ತೀರಿ.

ಡೂಮ್ ಎಟರ್ನಲ್: ಕಥೆ ನೆಪ ಮಾತ್ರ

ಈ ಪಟ್ಟಿಯಲ್ಲಿ ಇದು ಏಕೆ ಎಂದು ಕೇಳಬಹುದು. ಹೋಲಿಕೆಗೆ. 2016ರ ಡೂಮ್‌ನಲ್ಲಿ ಒಬ್ಬ ಪರದೆಯ ಮೇಲೆ ಬಂದು ವಿವರಣೆ ಶುರು ಮಾಡುತ್ತಾನೆ. ನಾಯಕ ಆ ಪರದೆಯನ್ನೇ ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತಾನೆ. ಆ ಒಂದು ಕೈಸನ್ನೆಯಲ್ಲಿ ಅವನ ಸ್ವಭಾವ ಪೂರ್ತಿ ಇತ್ತು. 2020ರ ಎಟರ್ನಲ್ ಆ ತಮಾಷೆ ಬಿಟ್ಟು ರಾಜರು, ದೇವತೆಗಳು, ಶಾಪಗಳು ಎಂದು ದೊಡ್ಡ ಪುರಾಣ ಹೇಳಲು ಹೋಯಿತು. ಅದರ ಬಹುಪಾಲು ಅಲ್ಲಲ್ಲಿ ಸಿಗುವ ಪುಟಗಳಲ್ಲಿದೆ. ಓದದಿದ್ದರೆ ಏನೂ ಅರ್ಥವಾಗುವುದಿಲ್ಲ, ಓದದಿದ್ದರೂ ಏನೂ ನಷ್ಟವಿಲ್ಲ.

ಕಾದಾಟ ಮಾತ್ರ ಅದ್ಭುತ. ಜೀವ ಬೇಕೇ, ಸೋತ ರಾಕ್ಷಸನನ್ನು ಕೈಯಾರೆ ಮುಗಿಸಿ. ಗುಂಡು ಬೇಕೇ, ಚೈನ್‌ಸಾ. ಕವಚ ಬೇಕೇ, ಬೆಂಕಿ ಹಚ್ಚಿ. ಮೂಲೆಯಲ್ಲಿ ಅವಿತು ಕೂತರೆ ಸಾವೇ ಗತಿ. ಐಡಿ ಟೆಕ್ 7 ಎಂಜಿನ್ ಎಷ್ಟು ಚುರುಕೆಂದರೆ, ಇಷ್ಟು ಗದ್ದಲದ ಗೇಮ್ ಇಷ್ಟು ನುಣ್ಣಗೆ ಓಡುವುದು ನೋಡಿ ಬೇರೆಯವರ ಮೇಲೆ ಸಿಟ್ಟು ಬರುತ್ತದೆ. ಹೆಸರು ನೋಡಿ 2025ರ ಡೂಮ್: ದ ಡಾರ್ಕ್ ಏಜಸ್ ಕೊಳ್ಳುವವರಿಗೆ ಎಚ್ಚರಿಕೆ: ಅದಕ್ಕೆ ರೇ ಟ್ರೇಸಿಂಗ್ ಇರುವ ಕಾರ್ಡ್ ಬೇಕೇ ಬೇಕು.

ಸೈಬರ್‌ಪಂಕ್ 2077: ಪೂರ್ತಿ ಊಟ

ನಿಜ ಹೇಳಬೇಕೆಂದರೆ ಇದು ಶೂಟರ್ ವೇಷದ ಆರ್‌ಪಿಜಿ, ಅಂದರೆ ಪಾತ್ರವನ್ನು ಬೆಳೆಸುತ್ತಾ ಹೋಗುವ ಗೇಮ್. 2020ರ ಡಿಸೆಂಬರಿನಲ್ಲಿ ಬಗ್‌ಗಳ ಮೂಟೆ ಹೊತ್ತು ಬಂತು. 2023ರ 2.0 ಅಪ್‌ಡೇಟ್ ಮತ್ತು ಫ್ಯಾಂಟಮ್ ಲಿಬರ್ಟಿ ವಿಸ್ತರಣೆಯ ಹೊತ್ತಿಗೆ ಬೇರೆಯೇ ಗೇಮ್ ಆಗಿತ್ತು. ಮುಖ್ಯ ಕಥೆಗೇ 25 ಗಂಟೆ ಇಟ್ಟುಕೊಳ್ಳಿ, ಪಕ್ಕದ ಕಥೆಗಳನ್ನು ಹಿಡಿದರೆ ಅದರ ಮೂರು ಪಟ್ಟು. ಪಕ್ಕದ ಕಥೆಗಳೇ ಹೆಚ್ಚು ಚೆನ್ನ ಎಂಬುದು ನನ್ನ ಅಭಿಪ್ರಾಯ.

ಎದುರಿಗೆ ಕೂತು ಮಾತಾಡುವವರನ್ನು ನೋಡುತ್ತಲೇ ಇರಬೇಕೆಂದಿಲ್ಲ. ಕಿಟಕಿಯಾಚೆ ಕಣ್ಣು ಹಾಯಿಸಬಹುದು, ಎಷ್ಟೋ ಸಲ ಎದ್ದು ಹೋಗಲೂಬಹುದು. ಹಾಫ್-ಲೈಫ್ 2 ಹಾಕಿದ ದಾರಿಯಲ್ಲಿ ಇದು ಬಹು ದೂರ ನಡೆದಿದೆ. ಶೂಟಿಂಗ್ ಶುರುವಿನಲ್ಲಿ ಸಪ್ಪೆ, ಶಕ್ತಿಗಳು ಸೇರುತ್ತಾ ಹೋದಂತೆ ರುಚಿ ಹತ್ತುತ್ತದೆ. ಮಷೀನಿಗೆ ಮಾತ್ರ ಏಳರಲ್ಲೇ ದುಬಾರಿ. 70 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ಜನಜಂಗುಳಿಯ ಬೀದಿಯಲ್ಲಿ ಪ್ರೊಸೆಸರ್ ಬೆವರುತ್ತದೆ. ಫ್ಯಾಂಟಮ್ ಲಿಬರ್ಟಿ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ ಬರಲೇ ಇಲ್ಲ. ಆ ಕನ್ಸೋಲ್ ಇರುವವರು ಇದನ್ನು ಮರೆತುಬಿಡುವುದೇ ಒಳ್ಳೆಯದು.

ಹಾಗಾದರೆ ಯಾರಿಗೆ ಯಾವುದು?

ಹಳೆಯ ಲ್ಯಾಪ್‌ಟಾಪ್, ಕೈಯಲ್ಲಿ ಹಣವೂ ಕಡಿಮೆ: ಹಾಫ್-ಲೈಫ್ 2, ಆಮೇಲೆ ಬಯೋಶಾಕ್. ಎರಡೂ ಆಗಾಗ ಭಾರೀ ರಿಯಾಯಿತಿಗೆ ಬರುತ್ತವೆ. ಕೆಲಸ, ಮನೆ, ಮಕ್ಕಳ ನಡುವೆ ವಾರಕ್ಕೆ ಮೂರು ಗಂಟೆ ಸಿಕ್ಕರೆ ಹೆಚ್ಚು ಎನ್ನುವವರು ಟೈಟನ್‌ಫಾಲ್ 2 ಬಿಟ್ಟು ಬೇರೆ ನೋಡಬೇಡಿ. ದೊಡ್ಡ ಗೇಮನ್ನು ತಿಂಗಳುಗಟ್ಟಲೆ ಎಳೆದರೆ ಕಥೆಯ ಎಳೆಯೇ ಕೈತಪ್ಪಿಹೋಗುತ್ತದೆ. ಸಿನಿಮಾದಂಥ ಪಾತ್ರಗಳು ಬೇಕು, ಆಯ್ಕೆಗಳ ತಲೆಬಿಸಿ ಬೇಡ ಎಂದರೆ ವುಲ್ಫೆನ್‌ಸ್ಟೈನ್. ಹೊಸ ಕಾರ್ಡ್ ಕೊಂಡು ಅದರ ತಾಕತ್ತು ನೋಡುವ ಆಸೆ ಇದ್ದರೆ ಮೆಟ್ರೋ ಅಥವಾ ಸೈಬರ್‌ಪಂಕ್. ಈ ಎರಡರ ಮಧ್ಯೆ ಆರಿಸುವುದು ಸುಲಭ: ಒಂದು ಪುಟ್ಟ ತಂಡದ ಜೊತೆ ಇರಬೇಕಾ, ಒಂದು ದೊಡ್ಡ ಊರಲ್ಲಿ ಕಳೆದುಹೋಗಬೇಕಾ? ದಿನದ ಸಿಟ್ಟು ಇಳಿಸಿಕೊಳ್ಳಲು ಅರ್ಧ ಗಂಟೆ ಸಾಕು ಎನ್ನುವವರಿಗೆ ಡೂಮ್.

ತಲೆಸುತ್ತು ಬರುವವರಿಗೆ ಒಂದು ಮಾತು. ಒಮ್ಮೆ ಒಂದು ಗೇಮ್ ಇಪ್ಪತ್ತು ನಿಮಿಷ ಆಡಿ ವಾಕರಿಕೆ ಬಂದು ಮಲಗಿಬಿಟ್ಟೆ. ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ನೋಟದ ಅಗಲ) ತೀರಾ ಕಿರಿದಾಗಿತ್ತು, ಪೈಪಿನೊಳಗಿಂದ ನೋಡಿದ ಹಾಗೆ. ಅದನ್ನು 90 ಡಿಗ್ರಿಯ ಆಸುಪಾಸಿಗೆ ಏರಿಸಿ, ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವುದು) ಮತ್ತು ತಲೆ ಅಲುಗಾಟ ಆಫ್ ಮಾಡಿದ ಮೇಲೆ ಸರಿಹೋಯಿತು. ಫ್ರೇಮ್ ಸಾಲದಿದ್ದರೆ ಮೊದಲು ರೇ ಟ್ರೇಸಿಂಗ್, ನೆರಳು, ಮಂಜಿನ ಸೆಟ್ಟಿಂಗ್ ಇಳಿಸಿ. ಕಾರ್ಡಿನ ಮೆಮೊರಿ ಸಾಕಷ್ಟಿದ್ದರೆ ಟೆಕ್ಸ್ಚರ್ ಇಳಿಸಬೇಡಿ, ಅದರಿಂದ ವೇಗ ಅಷ್ಟೇನೂ ಹೆಚ್ಚುವುದಿಲ್ಲ. ಚಿಕ್ಕ ಚಿತ್ರ ತಯಾರಿಸಿ ದೊಡ್ಡದು ಮಾಡಿ ತೋರಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಇದ್ದರೆ ಧಾರಾಳವಾಗಿ ಬಳಸಿ. ನಡುನಡುವೆ ಹೆಚ್ಚುವರಿ ಫ್ರೇಮ್ ಊಹಿಸಿ ತುಂಬುವ ಫ್ರೇಮ್ ಜನರೇಷನ್ ಬೇರೆ ವಿಷಯ. ಮೂಲದಲ್ಲೇ 60ರ ಹತ್ತಿರ ಇಲ್ಲದಿದ್ದರೆ ಅಂಕಿ ಏರುತ್ತದೆ, ಗುರಿ ಇಡುವ ಕೈ ಮಾತ್ರ ಭಾರವೇ ಇರುತ್ತದೆ.

ಇಷ್ಟಾದರೂ ಅನುಮಾನ ಉಳಿದಿದ್ದು ಪಿಸಿಯಲ್ಲಿ ಆಡುವವರಾದರೆ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ 2 ಗಂಟೆಯನ್ನು ಜಾಣತನದಿಂದ ಖರ್ಚು ಮಾಡಿ. ಮೆಟ್ರೋದ ಶುರು ಇಕ್ಕಟ್ಟಾದ ಸುರಂಗ, ಅಲ್ಲಿ ಬರುವ ಫ್ರೇಮ್ ನಂಬಬೇಡಿ. ವೋಲ್ಗಾದ ಬಯಲು ತಲುಪಿದ ಮೇಲೆ ಅಂಕಿ ನೋಡಿ. ಸೈಬರ್‌ಪಂಕ್‌ನಲ್ಲಿ ಆದಷ್ಟು ಬೇಗ ಜನ ತುಂಬಿದ ಬೀದಿಗೆ ಹೋಗಿ ಒಂದು ಸುತ್ತು ತಿರುಗಿ. ಟೈಟನ್‌ಫಾಲ್ 2ರಲ್ಲಿ ಶುರುವಿನ ಗಾಂಟ್ಲೆಟ್ ಎಂಬ ಅಭ್ಯಾಸದ ಓಟ ಮುಗಿಸಿ, ನಿಮ್ಮ ವೇಗ ನೋಡಿ ಗೇಮ್ ಸೂಚಿಸುವ ಕಷ್ಟದ ಮಟ್ಟವನ್ನೇ ಆರಿಸಿಕೊಳ್ಳಿ. ಹೆಮ್ಮೆಗೆ ಬಿದ್ದು ಒಂದು ಮಟ್ಟ ಮೇಲೆ ಇಟ್ಟುಕೊಂಡು ಬಿಟಿಯನ್ನು ನಾನು ಎಷ್ಟು ಸಲ ಸಾಯಿಸಿದೆ ಎಂಬ ಲೆಕ್ಕ ಬೇಡ.